ಕಲ್ಲಿನ ಕೊಯ್ದ ಮುಖ

ಇದನ್ನು ಯಾರಿಗಾದರೂ ಹೇಳುವಾಗಲೆಲ್ಲ ಹಿತ್ತಿಲಲ್ಲಿ ಒಂದು ಸಂಪಿಗೆ ಮರ ತಾನಾಗಿ ಬಂದು ನಿಲ್ಲುತ್ತದೆ. ಚಾಮರಾಜಪೇಟೆಯ ಆ ಮನೆಯ ಹಿತ್ತಿಲಲ್ಲಿ ಸಂಪಿಗೆ ಇರಲಿಲ್ಲ. ಒಂದು ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು, ಬಚ್ಚಲುಮನೆ, ಅದರ ಗೋಡೆಗೆ ಒತ್ತಿಕೊಂಡಂತೆ ಮೊಳಕಾಲೆತ್ತರದ ಕಟ್ಟೆ, ಕಟ್ಟೆಯ ಮೇಲೆ ಒಂದು ಕರಿಯ ಕಲ್ಲು. ಇಷ್ಟೇ. ಸಂಪಿಗೆ ಮರವನ್ನು ಕಡಿದು ಮುಂದುವರಿಯುತ್ತೇನೆ. ಇನ್ನೂ ಏನೇನು ಸೇರಿಕೊಂಡಿದೆಯೋ, ಕಂಡಲ್ಲಿ ತೆಗೆಯುತ್ತೇನೆ.

ತೊಂಬತ್ತರ ದಶಕದ ನಡುವೆ ನಾನು ಆ ಮನೆಯ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾಲೇಜೊಂದರಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದೆ. ಕೆಳಗೆ ಮನೆಯವರು: ಎಂಬತ್ತರ ಹತ್ತಿರದ ಅಜ್ಜಿ, ಅವರ ಮಗ, ಮಗನ ಹೆಂಡತಿ. ಮಗ ಬ್ಯಾಂಕಿನಿಂದ ಬಂದು ಪೇಪರಿನ ಹಿಂದೆ ಕುಳಿತರೆ ಊಟಕ್ಕೇ ಏಳುತ್ತಿದ್ದದ್ದು. ಮಗನ ಹೆಂಡತಿಗೆ ಐವತ್ತು ದಾಟಿತ್ತು, ಮದುವೆಯಾದ ಮಗಳಿದ್ದಳು. ಆದರೂ ಬೀದಿಗೆಲ್ಲ ಅವರು ‘ಸೊಸೆ’. ತರಕಾರಿ ಗಾಡಿಯವನೂ ಗೇಟಿನಲ್ಲಿ ನಿಂತು, ಸೊಸೆಯವರನ್ನ ಕರೀರಿ ಎನ್ನುತ್ತಿದ್ದ. ನಾನು ಎದುರಿಗೆ ಅಕ್ಕ ಎನ್ನುತ್ತಿದ್ದೆ. ಇಲ್ಲಿ ಸೊಸೆ ಎಂದೇ ಬರೆಯುತ್ತೇನೆ. ಆ ಮನೆಯಲ್ಲಿ ಅವರ ಮೇಲೆ ಬಿದ್ದದ್ದೆಲ್ಲ ಆ ಒಂದು ಮಾತಿನ ದಾರಿಯಲ್ಲೇ ಬಿದ್ದದ್ದು.

ಕಲ್ಲಿನ ಕಥೆಯನ್ನು ನನಗೆ ಹೇಳಿದವರು ಅಜ್ಜಿ, ನಾನು ಬಂದ ಮೊದಲ ವಾರದಲ್ಲೇ, ಸೊಸೆ ಅಲ್ಲೇ ಅಕ್ಕಿ ಆರಿಸುತ್ತ ಕೂತಿರುವಾಗ. ಸೊಸೆ ಹೊಸಿಲಿನ ಮೇಲಿನ ಸೇರಕ್ಕಿಯನ್ನು ಒದ್ದು ಮನೆ ತುಂಬಿದ ಮೇಲೆ ಒಂದು ವಾರವೂ ಕಳೆದಿರಲಿಲ್ಲವಂತೆ. ನಡುಮಧ್ಯಾಹ್ನ, ಆಕಾಶ ಶುಭ್ರ, ಲಾರಿ ಟೈರು ಸಿಡಿದಂತೆ ಸದ್ದು. ಹೋಗಿ ನೋಡಿದರೆ ಬಚ್ಚಲುಮನೆಯ ಹೆಂಚು ಪುಡಿ, ಒಳಗೆ ಈ ಕಲ್ಲು, ಮುಟ್ಟಿದರೆ ಕೈ ಸುಡುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅಜ್ಜಿಯ ಗಂಡ ಊಟದ ಎಲೆಯ ಮುಂದೆ ಕುಳಿತಲ್ಲೇ ಹೋದರು. ಜೋಯಿಸರು ಬಂದು ನೋಡಿ ಹೇಳಿದರು: ಇದು ಶನಿ. ಎಸೆಯುವ ಹಾಗಿಲ್ಲ, ಒಳಗೆ ತರುವ ಹಾಗೂ ಇಲ್ಲ. ಯಾರ ಕಾಲ್ಗುಣಕ್ಕೆ ಬಂತೋ ಅವರ ಕೈಯಿಂದಲೇ ತಣ್ಣಗಾಗಬೇಕು. ದಿನಾ ಬೆಳಿಗ್ಗೆ ನೀರು, ಹಾಲು. ಶನಿವಾರ ಎಳ್ಳೆಣ್ಣೆ.

ಸೊಸೆ ಅಂದಿನಿಂದ ದಿನವೂ ಎರೆಯುತ್ತ ಬಂದಿದ್ದರು. ಮುಟ್ಟಾದಾಗ ಗಂಡ ಎರೆಯುತ್ತಿದ್ದರಂತೆ. ಹೆರಿಗೆಗೆ ತವರಿಗೆ ಹೋದಾಗ ಅಜ್ಜಿಯೇ ಬೈದುಕೊಂಡು ಎರೆದರಂತೆ.

ಮತ್ತೊಮ್ಮೆ ಅಜ್ಜಿ ಇದೇ ಕಥೆ ಹೇಳಿದಾಗ ಹೆಂಚು ಒಡೆದಿರಲಿಲ್ಲ, ತೆಂಗಿನ ಗರಿ ಸೀಳಿತ್ತು. ಇನ್ನೊಮ್ಮೆ ಸದ್ದೇ ಇರಲಿಲ್ಲ, ಅವರ ಗಂಡ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಮೇಲಿನಿಂದ ಬೀಳುವ ಕಲ್ಲು ನೆಲ ಮುಟ್ಟುವ ಹೊತ್ತಿಗೆ ಕೈ ಸುಡುವಷ್ಟು ಬಿಸಿ ಇರುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಇವೆಲ್ಲ ಸುಳ್ಳು ಎಂದು ಆಗ ನನಗೆ ಅನ್ನಿಸಿತ್ತು. ಎಣ್ಣೆ ಕುಡಿದು ಕರ್ರಗಾದ ಯಾವುದೋ ಊರ ಕಲ್ಲು, ಅಷ್ಟೇ. ಒಂದು ಗಂಡು ಜೀವ ಹೋದ ದುಃಖಕ್ಕೆ ಒರಗಲು ಏನೋ ಬೇಕಿತ್ತು, ಕಲ್ಲು ಸಿಕ್ಕಿತು, ಹೊಸದಾಗಿ ಬಂದ ಹುಡುಗಿ ಸಿಕ್ಕಳು.

ಅಜ್ಜಿ ಕೆಟ್ಟವರಲ್ಲ. ಸೊಸೆಗೆ ಜ್ವರ ಬಂದರೆ ಕಷಾಯ ಮಾಡಿ ಕುಡಿಸುವವರು. ಆದರೆ ಯಾರ ಮನೆಯಲ್ಲೂ ಹಾಲುಕ್ಕಿಸುವಾಗ ಸೊಸೆ ಮುಂದೆ ನಿಲ್ಲುವ ಹಾಗಿರಲಿಲ್ಲ. ಹೊಸ ಮನೆಗೆ ಮೊದಲು ಕಾಲಿಡುವ ಹಾಗಿರಲಿಲ್ಲ. ಮದುವೆ ದಿಬ್ಬಣದಲ್ಲಿ ಕೊನೆಯ ಸಾಲು. ನೀನು ಹಿಂದಿರಮ್ಮ ಎಂದು ಅಜ್ಜಿ ಮೆಲ್ಲಗೇ ಹೇಳುತ್ತಿದ್ದರು, ಬಸ್ಸಿನಲ್ಲಿ ಹಿಂದೆ ಸೀಟಿದೆ ಎಂದು ತೋರಿಸುವಷ್ಟು ಸಹಜವಾಗಿ.

ಸೊಸೆಯ ಕಥೆ ಬೇರೆ. ಅದನ್ನು ಅವರು ನನಗೆ ಹೇಳಿದ್ದು ತಾರಸಿಯ ಮೇಲೆ, ಒಣಗಿದ ಬಟ್ಟೆ ತೆಗೆಯುತ್ತ. ಮದುವೆಗೆ ಮುಂಚೆ ಅವರ ತಂದೆ ಈ ಮನೆ ನೋಡಲು ಬಂದಿದ್ದರು. ಗಂಡಿನ ಮನೆ ಹೇಗಿದೆ, ನೀರಿದೆಯೇ, ಬೆಳಕಿದೆಯೇ ಎಂದು ನೋಡಲು. ಹಿತ್ತಿಲ ನಲ್ಲಿಯ ಬಳಿ ಕಾಲು ತೊಳೆಯುವಾಗ ಒಂದು ಕರಿಯ ಕಲ್ಲಿನ ಮೇಲೆ ಪಾದವಿಟ್ಟರು. ಇಷ್ಟು ಚಿಕ್ಕ ಕಲ್ಲು ಇಷ್ಟು ಭಾರವೇ ಎಂದು ಕಾಲಿನಿಂದ ಸರಿಸಿ ನೋಡಿದ್ದರಂತೆ. ಸೊಸೆ ತವರಿಗೆ ಹೋಗಿ ಶನಿಕಲ್ಲಿನ ವಿಷಯ ಹೇಳಿ ಅತ್ತಾಗ ತಂದೆ ಆ ಮಾತು ಹೇಳಿದರು. ಬಂದು ಅಜ್ಜಿಗೂ ಹೇಳಿದರು. ಮಗಳ ಪಕ್ಷ ವಹಿಸಿ ಮಾತಾಡುತ್ತಿದ್ದಾರೆ ಎಂದು ಈ ಮನೆಯವರು ನಕ್ಕರು. ಆಮೇಲೆ ತಂದೆ ತೀರಿಕೊಂಡರು. ಆ ಮಾತಿಗೆ ಬೇರೆ ಸಾಕ್ಷಿ ಇರಲಿಲ್ಲ.

“ಬಿದ್ದಿದ್ದೋ, ನೆಲದ್ದೋ ನಂಗೆ ಬೇಡ ಮೇಡಂ,” ಎಂದರು. “ನಾನು ಬರೋಕೆ ಮುಂಚೆನೇ ಇಲ್ಲಿತ್ತು ಅಂತ ಒಂದು ಗೊತ್ತಾದ್ರೆ ಸಾಕು. ಕಲ್ಲು ನೋಡಿ ಹೇಳಕ್ಕಾಗತ್ತಾ?”

ಅಷ್ಟು ವರ್ಷ ಬಿಟ್ಟು ಆಗ ಕೇಳಲು ಕಾರಣವಿತ್ತು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ನರ್ಸಿಂಗ್ ಹೋಮಿನಿಂದ ಮಗುವನ್ನು ಮನೆಗೆ ತರುವ ದಿನ ಹೊಸಿಲು ದಾಟಿಸಬೇಕಾದವಳು ತಾಯಿಯ ತಾಯಿ. ಅಜ್ಜಿ ಆಗಲೇ ಹೇಳಿಬಿಟ್ಟಿದ್ದರು, ಮಲ್ಲೇಶ್ವರದಿಂದ ತಮ್ಮ ಮಗಳು ಬಂದು ದಾಟಿಸಲಿ. ಅವಳು ಸೊಸೆಗೆ ನಾದಿನಿ. ಸೊಸೆ ಎದುರು ಮಾತಾಡಿರಲಿಲ್ಲ. ಕಲ್ಲಿನ ವಿಷಯ ಹಿಡಿದು ನನ್ನ ಬಳಿ ಬಂದಿದ್ದರು.

ಅಜ್ಜಿಗೆ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಸೇರಿಸಿದ ದಿನ ನಾದಿನಿ ಅವರ ಜೊತೆಗಿದ್ದಳು. ಸೊಸೆ ಬೆಳಗಿನ ನೀರು ಎರೆದು, ಕಲ್ಲನ್ನು ಹಳೆಯ ಟವೆಲಿನಲ್ಲಿ ಸುತ್ತಿ, ವೈರ್ ಬುಟ್ಟಿಯಲ್ಲಿಟ್ಟು, ಮೇಲೆ ಕೊತ್ತಂಬರಿ ಕಟ್ಟು ಹಾಕಿಕೊಂಡು ಬಸ್ಸಿನಲ್ಲಿ ಕಾಲೇಜಿಗೆ ಬಂದರು. ಬುಟ್ಟಿಯ ಹಿಡಿ ಕೈಗೆ ಕೊಯ್ದು ಗೆರೆ ಬಿದ್ದಿತ್ತು. ಲ್ಯಾಬಿನ ಸಿಂಕಿನ ಬಳಿ ಕಲ್ಲನ್ನಿಟ್ಟು, ಕೊತ್ತಂಬರಿಯನ್ನು ಮಾತ್ರ ಜೋಪಾನವಾಗಿ ಪಕ್ಕಕ್ಕಿಟ್ಟರು.

ಸೋಪಿನ ನೀರಿನಲ್ಲಿ ಉಜ್ಜಿದ ಮೇಲೆ ಎಣ್ಣೆಯ ಪದರದ ಕೆಳಗೆ ಇನ್ನೊಂದು ಕಪ್ಪು ಕಾಣಿಸಿತು. ತೆಳ್ಳಗೆ, ಸೀದ ದೋಸೆಯ ಅಂಚಿನ ಹಾಗೆ, ಅಲ್ಲಲ್ಲಿ ಹೆಬ್ಬೆರಳು ಒತ್ತಿದಂಥ ತಗ್ಗುಗಳು. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಹತ್ತಿರ ಹಿಡಿದೆ. ಅದು ವಾಲಿತು. ಇದು ಮೇಲಿಂದ ಬಿದ್ದದ್ದೇ ಎಂದು ನನಗೆ ಆಗಲೇ ಗೊತ್ತಾಯಿತು. ಗೊತ್ತಾದಾಗ ಮೈ ಜುಮ್ಮೆಂದಿತು ಎಂದು ಬರೆಯಬಹುದು, ಎಷ್ಟೋ ಸಲ ಹಾಗೆ ಹೇಳಿದ್ದೇನೆ. ನಿಜಕ್ಕೂ ನೆನಪಿರುವುದು ಸಿಂಕಿನಲ್ಲಿ ತೇಲುತ್ತಿದ್ದ ಎಣ್ಣೆಯ ಬಣ್ಣಗಳು ಮಾತ್ರ.

ಯಾವಾಗಿನದು ಎಂದು ಕೊಯ್ಯದೆ ಹೇಳಲಾಗದು ಎಂದೆ. ಸೊಸೆ ಕಲ್ಲನ್ನು ನೋಡಿದರು, ಗರಗಸವನ್ನು ನೋಡಿದರು. ಗೋಡೆ ಕಡೆ ಬರೋ ಮೂಲೆ ಕೊಯ್ರಿ, ಯಾರಿಗೂ ಕಾಣಲ್ಲ ಎಂದರು. ಗರಗಸದ ಚಕ್ರ ಕಚ್ಚಿದ ಕೂಡಲೇ ಕೋಣೆಯಲ್ಲೆಲ್ಲ ಹಳಸಿದ ಹಾಲಿನ ವಾಸನೆ, ಎಣ್ಣೆಯ ಕಮಟು. ಅಡಿಕೆ ಹೋಳಿನಷ್ಟು ತುಂಡು ನನ್ನಲ್ಲಿ ಉಳಿಯಿತು. ಸೊಸೆ ಸಂಜೆಯೊಳಗೆ ಕಲ್ಲನ್ನು ಕಟ್ಟೆಯ ಮೇಲಿಟ್ಟು, ಕೊಯ್ದ ಮುಖವನ್ನು ಗೋಡೆಗೆ ತಿರುಗಿಸಿ, ಎಣ್ಣೆ ಸವರಿದ್ದರು.

ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಬೇಕು. ತುಂಡನ್ನು ಗಾಜಿಗೆ ಅಂಟಿಸಿ, ಕಾರ್ಬೊರಂಡಂ ಪುಡಿಯಲ್ಲಿ ತೇಯುತ್ತ ಹೋಗುವುದು. ಇದು ಅಂಟಲಿಲ್ಲ. ಒಳಗಿನ ಬಿರುಕುಗಳಿಗೆಲ್ಲ ಎಳ್ಳೆಣ್ಣೆ ಇಳಿದಿತ್ತು. ದ್ರಾವಕದಲ್ಲಿ ನೆನೆಹಾಕಿದೆ, ತೆಗೆದೆ, ಮತ್ತೆ ನೆನೆಹಾಕಿದೆ. ಪ್ರತಿ ಸಲ ದ್ರಾವಕ ಹಳದಿಯಾಗುತ್ತಿತ್ತು. ಒಬ್ಬ ಹೆಂಗಸಿನ ಅಷ್ಟೂ ಶನಿವಾರಗಳು ಬೀಕರಿನ ತಳದಲ್ಲಿ ಕೂರುತ್ತಿದ್ದವು. ವಾರ ದಾಟಿದ ಮೇಲೆ ಕೊನೆಗೂ ಒಂದು ಸ್ಲೈಡ್ ಆಯಿತು.

ಮಸೂರದ ಕೆಳಗೆ ಬಣ್ಣಗಳು ಎದ್ದವು. ಆಲಿವಿನ್ ಖನಿಜ ನೀಲಿ, ಗುಲಾಬಿ, ಹಸಿರು ಚೂರುಗಳಾಗಿ. ಪೈರಾಕ್ಸೀನ್ ಬೂದು, ಮಂಕು ಹಳದಿ. ನಡುನಡುವೆ ಬೆಳಕು ಹಾಯದ ಕಪ್ಪು ತೇಪೆಗಳು, ಅವು ಲೋಹ. ಈ ಜಾತಿಯ ಉಲ್ಕಾಶಿಲೆಗಳಲ್ಲಿ ಸಾಸಿವೆಯಂಥ ದುಂಡು ಕಣಗಳಿರುತ್ತವೆ. ಭೂಮಿಯ ಕಲ್ಲುಗಳಲ್ಲಿ ಅವು ಇಲ್ಲ. ಭೂಮಿ ಹುಟ್ಟುವ ಮುಂಚೆ ಕರಗಿ, ತೇಲುತ್ತಲೇ ಹೆಪ್ಪುಗಟ್ಟಿದ ಹನಿಗಳು ಅವು. ಆ ಹನಿಗಳ ಅಂಚು ಎಷ್ಟು ಸ್ಪಷ್ಟ ಎನ್ನುವುದರ ಮೇಲೆ ಕಲ್ಲಿಗೆ ಮೂರರಿಂದ ಆರರವರೆಗೆ ಒಂದು ಅಂಕ ಕೊಡುತ್ತೇವೆ. ಮೂರರಲ್ಲಿ ಒಂದೊಂದು ಹನಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಆರೆಂದರೆ, ತಾನು ಒಡೆದು ಬಂದ ದೊಡ್ಡ ಬಂಡೆಯೊಳಗೆ ಬಹುಕಾಲ ಕಾವಿಗೆ ಕೂತು ಹನಿ ಸುತ್ತಲಿನ ಕಣಗಳೊಂದಿಗೆ ಬೆಸೆದುಹೋಗಿರುತ್ತದೆ. ಇದು ಆರು. ದುಂಡಾದದ್ದೊಂದು ಇಲ್ಲಿತ್ತು ಎನ್ನಬಹುದು, ಇಲ್ಲಿಗೆ ಮುಗಿದಿತ್ತು ಎನ್ನಲಾಗದು. ಈ ವಾಕ್ಯ ನನಗೆ ಇಷ್ಟವಾಗುತ್ತದೆ. ಅದಕ್ಕೇ ಅದರ ಮೇಲೆ ಅನುಮಾನ. ನೆನಪು ಹೀಗೆಯೇ ಎಂದು ಇಲ್ಲಿ ಹೇಳಿಬಿಡುವುದು ತೀರ ಸುಲಭ.

ಆಲಿವಿನ್ ಚೂರುಗಳನ್ನು ಬೇರೆ ಬೇರೆ ಎಣ್ಣೆಗಳಲ್ಲಿ ಮುಳುಗಿಸಿ, ಅಂಚಿನ ಬೆಳಕಿನ ಗೆರೆ ಒಳಗೆ ಸರಿಯುತ್ತದೋ ಹೊರಗೋ ನೋಡಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಅಂದಾಜು ಮಾಡಿದೆ. ನಮ್ಮ ಲ್ಯಾಬಿನಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಲೋಹ ಕಡಿಮೆಯಿರುವ ಗುಂಪು, ಅದರ ಗುರುತು ಎಲ್. ಅಂಕ ಸೇರಿಸಿದರೆ ಎಲ್ ಆರು. ಮೇಲಿನಿಂದ ಬೀಳುವ ಕಲ್ಲುಗಳಲ್ಲಿ ಇದಕ್ಕಿಂತ ಸಾಮಾನ್ಯ ಜಾತಿ ಇಲ್ಲ. ಶನಿಯದೂ ಅಲ್ಲ, ಯಾವ ಗ್ರಹದ್ದೂ ಅಲ್ಲ. ಗ್ರಹವಾಗದೆ ಉಳಿದ ಪುಡಿಬಂಡೆಗಳದು.

ಆದರೆ ಇದೆಲ್ಲ ಕಲ್ಲು ಯಾವುದು ಎಂಬುದಕ್ಕೆ ಉತ್ತರ. ಯಾವಾಗ ಬಿತ್ತು ಎಂಬುದನ್ನು ಹೇಳಬಹುದಾದದ್ದು ಒಂದೇ, ತುಕ್ಕು. ಈ ಕಲ್ಲಿನೊಳಗಿನ ಲೋಹಕ್ಕೆ ನೀರು ತಾಗಿರುವುದಿಲ್ಲ. ಇಲ್ಲಿಗೆ ಬಂದ ದಿನದಿಂದ ಅದು ತುಕ್ಕು ಹಿಡಿಯತೊಡಗುತ್ತದೆ, ಹೊರಗಿನಿಂದ ಒಳಕ್ಕೆ. ಬಹಳ ಕಾಲ ಮಣ್ಣಿನಲ್ಲಿ ಮಳೆಗೆ ಬಿದ್ದಿದ್ದರೆ ಒಳಗಿನವರೆಗೂ ಕಂದು. ಬಿದ್ದ ಕೂಡಲೇ ಎತ್ತಿ ಒಣಗಿಸಿಟ್ಟಿದ್ದರೆ ಲೋಹ ಹೊಳೆಯುತ್ತಿರಬೇಕು. ಸೊಸೆಯ ತಂದೆ ಹೇಳಿದ್ದು ನಿಜವೋ, ಅಜ್ಜಿ ಹೇಳಿದ್ದು ನಿಜವೋ, ಆ ಕಂದಿನಲ್ಲಿ ಬರೆದಿರಬಹುದಿತ್ತು.

ನನ್ನ ಸ್ಲೈಡಿನಲ್ಲಿ ಪ್ರತಿ ಲೋಹದ ಕಣದ ಸುತ್ತ ಕಂದು ಉಂಗುರವಿತ್ತು. ಬಿರುಕುಗಳ ಉದ್ದಕ್ಕೂ ತುಕ್ಕಿನ ಗೆರೆ ಇಳಿದಿತ್ತು. ಅದು ಹಳೆಯ ಮಳೆಯದೋ ದಿನಾ ಬೆಳಗಿನ ಚೊಂಬಿನದೋ, ಬೇರ್ಪಡಿಸಲು ದಾರಿಯಿರಲಿಲ್ಲ.

ಅದನ್ನು ಹೇಳಿದ್ದು ತಾರಸಿಯ ಮೇಲೆಯೇ. ಬೆಡ್‌ಶೀಟ್ ಮಡಿಸುತ್ತಿದ್ದರು, ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಕಲ್ಲು ಮೇಲಿಂದ ಬಿದ್ದದ್ದೇ ಎಂದೆ. ಅದನ್ನ ಅತ್ತೆನೂ ಹೇಳ್ತಾರಲ್ಲ ಎಂದರು. ಯಾವಾಗ ಎಂದು ಹೇಳಲಾಗದು ಎಂದೆ. ತುಕ್ಕಿನ ವಿಷಯ ವಿವರಿಸಿದೆ. ಎರೆಯದೆ ಇದ್ದಿದ್ದರೆ ಬಹುಶಃ ಗೊತ್ತಾಗುತ್ತಿತ್ತು ಎಂಬುದನ್ನು ಸುತ್ತಿ ಬಳಸಿ ಹೇಳಲು ನೋಡಿದೆ. ಅವರು ನೇರವಾಗಿ ಹಿಡಿದರು.

“ಅಂದ್ರೆ ಅಪ್ಪ ಹೇಳಿದ್ದನ್ನ ನಾನೇ ತೊಳೆದು ಹಾಕ್ಬಿಟ್ಟೆ ಅನ್ನಿ.”

ನಾನು ಏನೋ ಹೇಳಿದೆ. ಅವರು, “ಸರಿಯಾಗಿ ಎಳೀರಿ ಮೇಡಂ, ಸುಕ್ಕು ನಿಲ್ಲತ್ತೆ,” ಎಂದರು. ಎಳೆದೆ. ಬೆಡ್‌ಶೀಟ್ ಮಡಿಸಿ, ಎದೆಗೊತ್ತಿಕೊಂಡು ಇಳಿದುಹೋದರು. ಮರುದಿನ ಬೆಳಿಗ್ಗೆ ಕಟ್ಟೆಯ ಬಳಿ ನೀರಿನ ಸದ್ದು ಎಂದಿನಂತೆ ಕೇಳಿತು.

ಹೆಣ್ಣು ಮಗು ಹುಟ್ಟಿತು. ಮನೆಗೆ ತಂದ ದಿನ ನಾನು ಮೆಟ್ಟಿಲ ಮೇಲಿಂದ ನೋಡಿದೆ. ನಾದಿನಿ ರೇಷ್ಮೆ ಸೀರೆ ಉಟ್ಟು, ಮಗುವನ್ನು ಎತ್ತಿಕೊಂಡು ಬಲಗಾಲಿಟ್ಟು ಹೊಸಿಲು ದಾಟಿದಳು. ಪಕ್ಕದ ಮನೆಯವರು ಕೆಂಪುನೀರಿನ ಆರತಿ ಎತ್ತಿದರು. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿದ್ದರು. ಸೊಸೆ ಅಲ್ಲಿರಲಿಲ್ಲ, ಬಚ್ಚಲಲ್ಲಿ ಹಂಡೆಯ ಕೆಳಗೆ ಉರಿ ಹಾಕುತ್ತಿದ್ದರು. ಆ ಮಗು ಅವರಿಗೆ ಸಿಕ್ಕಿದ್ದು ನೀರು ಹಾಕುವ ಹೊತ್ತಿಗೆ. ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹೊಯ್ಯುವುದು. ಅದಕ್ಕೆ ಕಾಲ್ಗುಣದ ಅಡ್ಡಿ ಇರಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲಿನಿಂದ ಅವರ ಧ್ವನಿ ಮೇಲಿನವರೆಗೆ ಬರುತ್ತಿತ್ತು, ಮೂಗು ಎಲ್ಲಿ, ಕಿವಿ ಎಲ್ಲಿ, ಕಳ್ಳಿ ಎಲ್ಲಿ ಎಂದು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಆಮೇಲೆ ಅಜ್ಜಿಯ ಕಣ್ಣು ಕೆಟ್ಟಿತು. ನೋವು, ಕೆಂಪು, ಕೀವು. ಆಸ್ಪತ್ರೆಯಲ್ಲಿ ಸೋಂಕು ಎಂದರು, ಸೂಜಿ ಕೊಟ್ಟರು. ಆ ಕಣ್ಣಿನ ಬೆಳಕು ಉಳಿಯಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತರು.

ಮಾತು ಮೊದಲು ಬಂದದ್ದು ನಾದಿನಿಯ ಬಾಯಿಂದ, ಅಡುಗೆಮನೆಯಲ್ಲಿ, ಕರಿಬೇವು ಬಿಡಿಸುವಾಗ. ನಾನು ಹಾಲಿನ ಪಾತ್ರೆ ಕೊಡಲು ಹೋಗಿದ್ದೆ. ಹೆಣ್ಣು ಮನೆಗೆ ಬಂತು, ಅಮ್ಮನ ಕಣ್ಣು ಹೋಯ್ತು. ಅವಳು ಜೋರಾಗಿ ಹೇಳಲಿಲ್ಲ. ಬಾಣಂತಿ ಕೋಣೆಯ ಬಾಗಿಲು ಅಲ್ಲೇ ಇತ್ತು, ಒಳಗೆ ತೊಟ್ಟಿಲ ಸದ್ದು ನಿಂತಿತು.

ಸೊಸೆ ಒಗ್ಗರಣೆ ಸೌಟು ಕೆಳಗಿಟ್ಟರು. ಹಿತ್ತಿಲಿಗೆ ಹೋದರು. ಬರುವಾಗ ಕಲ್ಲು ಅವರ ಎರಡೂ ಕೈಯಲ್ಲಿತ್ತು. ಅದು ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಅಜ್ಜಿಯ ಕುರ್ಚಿಯ ಮುಂದೆ ನೆಲಕ್ಕಿಟ್ಟು, ಕೊಯ್ದ ಮುಖವನ್ನು ಮೇಲೆ ಮಾಡಿದರು. ಸೊಸೆಯ ಗಂಡ ಪೇಪರು ಇಳಿಸಿದರು.

“ಮಗೂನ ಯಾರೂ ಏನೂ ಅನ್ಬೇಡಿ,” ಎಂದರು ಸೊಸೆ. “ನೀವು ಆಸ್ಪತ್ರೇಲಿದ್ದಾಗ ಈ ಕಲ್ಲು ಕೊಯ್ಸಿದ್ದು ನಾನು. ಅದಕ್ಕೇ ಆಗಿದ್ದು.”

ನಾದಿನಿಯೂ ನಾನೂ ಹಿಂದೆಯೇ ಬಂದಿದ್ದೆವು. ನಾದಿನಿ ಬಗ್ಗಿ ನೋಡಿದಳು. ಅತ್ತಿಗೆ ಮೊಮ್ಮಗಳನ್ನ ಉಳಿಸೋಕೆ ಹೇಳ್ತಿದಾರೆ ಎಂದಳು. ಕೊಯ್ದಿದ್ದು ನಿನ್ನೆಯೋ ಮೊನ್ನೆಯೋ ಇರಬಹುದಲ್ಲ. ಯಾವಾಗ ಕೊಯ್ದಿದ್ದು?

ಸೊಸೆ ನನ್ನ ಕಡೆ ತಿರುಗಿದರು. “ಮೇಡಂ, ನೀವು ಹೇಳಿ. ಯಾವಾಗ?”

ನಾನು ಕಲ್ಲನ್ನು ನೋಡಿದೆ. ನೋಡುವ ಅಗತ್ಯವಿರಲಿಲ್ಲ, ಕೊಯ್ದವಳು ನಾನೇ. ಆದರೂ ನೋಡಿದೆ. ಬೂದು ಮುಖದ ಮೇಲೆ, ಲೋಹವಿದ್ದಲ್ಲೆಲ್ಲ, ಕಿತ್ತಳೆ ಬಣ್ಣದ ಸಣ್ಣ ಚುಕ್ಕೆಗಳು ಎದ್ದಿದ್ದವು. ಆ ಕಲ್ಲಿನಲ್ಲಿ ಯಾವಾಗ ಶುರುವಾಯಿತು ಎಂದು ಹೇಳಬಹುದಾದ ತುಕ್ಕು ಅದೊಂದೇ. ಮಗು ಹುಟ್ಟುವುದಕ್ಕೆ ಮುಂಚೆ, ಎಂದೆ. ಅಜ್ಜಿಯ ಆಪರೇಷನ್ ದಿನ. ನಾನೇ ಕೊಯ್ದದ್ದು.

ಅಜ್ಜಿ ಕೈ ಚಾಚಿದರು. ಸೊಸೆ ಕಲ್ಲನ್ನು ಎತ್ತಿ ಅವರ ಬೆರಳಿಗೆ ಹಿಡಿದರು. ಅಜ್ಜಿ ಕೊಯ್ದ ಮುಖವನ್ನು ಮೆಲ್ಲಗೆ ಸವರಿದರು, ಅಂಚಿನವರೆಗೆ ಹೋಗಿ ಹಿಂದಕ್ಕೆ ಬಂದರು.

“ಮೇಡಮ್ಮಾ,” ಎಂದರು, “ನೀನು ಓದಿದೋಳು. ಇದು ಮೇಲಿಂದ ಬಿದ್ದಿದ್ದು ಹೌದೋ ಅಲ್ವೋ?”

ಆ ಕ್ಷಣದಲ್ಲಿ ಗಡಿಯಾರ ಹೊಡೆಯಿತು ಎಂದು ಒಂದು ಕಡೆ ಬರೆದಿಟ್ಟಿದ್ದೆ. ಗಡಿಯಾರ ಆ ಮನೆಯಲ್ಲಿ ಕೆಟ್ಟು ಕೂತಿತ್ತು. ಏನೂ ಹೊಡೆಯಲಿಲ್ಲ. ಸೊಸೆ ನನ್ನನ್ನು ನೋಡದೆ ಕಲ್ಲನ್ನೇ ಹಿಡಿದು ನಿಂತಿದ್ದರು. ಅಲ್ಲ ಎಂದರೆ ಅದು ಬರೀ ಬಂಡೆಚೂರು, ಕೊಯ್ದರೆ ಯಾವ ದೋಷವೂ ಇಲ್ಲ, ಕಣ್ಣು ಹೋದದ್ದಕ್ಕೆ ಮತ್ತೆ ಮಗುವೇ ಕಾರಣವಾಗುತ್ತದೆ. ಹೌದು ಎಂದರೆ ಮಗು ಉಳಿಯುತ್ತದೆ. ನಾನು ಇಷ್ಟೆಲ್ಲ ಲೆಕ್ಕ ಹಾಕಿ ಹೇಳಿದೆನೇ, ಅಥವಾ ಸ್ಲೈಡಿನಲ್ಲಿ ಕಂಡದ್ದನ್ನು ಹೇಳಿದೆನೇ, ಈಗ ಬಿಡಿಸಲಾರೆ. ಎರಡಕ್ಕೂ ಉತ್ತರ ಒಂದೇ ಆಗಿತ್ತು. ಹೌದಜ್ಜಿ ಎಂದೆ.

ಅಜ್ಜಿ ತಲೆಯಾಡಿಸಿದರು. ಅವರ ಮುಖದಲ್ಲಿ ಗೆದ್ದ ಗುರುತು ಇರಲಿಲ್ಲ. ದಣಿದಿದ್ದರು.

“ಮಗೂದಲ್ಲ ಬಿಡು,” ಎಂದರು ನಾದಿನಿಗೆ. “ಇವಳದೇ. ಹಳೇದೇ. ನಾಳೆಯಿಂದ ಮಗೂಗೆ ನೀರು ನೀನು ಹಾಕು.”

ಒಳಗೆ ತೊಟ್ಟಿಲು ಮತ್ತೆ ಆಡತೊಡಗಿತು. ಸೊಸೆ ಕಲ್ಲನ್ನು ಸೆರಗಿನಲ್ಲಿ ಒತ್ತಿಕೊಂಡು ಹಿತ್ತಿಲಿಗೆ ಹೋದರು. ಆ ಮಗುವಿನ ಕಾಲ್ಗುಣದ ಮಾತನ್ನು ಆಮೇಲೆ ಆ ಮನೆಯಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಲಿಲ್ಲ. ಕೆಲವು ತಿಂಗಳಿಗೆ ನಾನು ಮನೆ ಬಿಟ್ಟೆ. ಸ್ಲೈಡ್ ನನ್ನಲ್ಲಿದೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಎಲ್ ಆರು ಎಂದಷ್ಟೇ ಇದೆ. ಬಿದ್ದ ಕಾಲ ಎನ್ನುವ ಜಾಗ ಖಾಲಿ.

ಕಲ್ಲು ಒಳಗೆ ಬಂದ ಆ ದಿನದ ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಮಹಡಿಯ ಹಿಂಗಟ್ಟಿನಲ್ಲಿ ನಿಂತಿದ್ದೆ. ಸೊಸೆ ಕಟ್ಟೆಯ ಬಳಿ ಬಂದು ಒಂದು ಚೊಂಬು ನೀರು ಎರೆದರು, ಒಂದು ಮಿಳ್ಳೆ ಹಾಲು. ಕೊಯ್ದ ಮುಖ ಈಗ ಹೊರಗಡೆಗಿತ್ತು, ಬಚ್ಚಿಡುವ ಅಗತ್ಯ ಮುಗಿದಿತ್ತು. ಆಮೇಲೆ ಬಚ್ಚಲಿಗೆ ಹೋಗಿ ಹಂಡೆಯ ಬಿಸಿನೀರು, ನಲ್ಲಿಯ ತಣ್ಣೀರು ಬಕೀಟಿನಲ್ಲಿ ಬೆರೆಸಿದರು. ಮೊಣಕೈ ಅದ್ದಿ ನೋಡಿದರು, ಇನ್ನೊಂದು ಚೊಂಬು ತಣ್ಣೀರು ಬೆರೆಸಿದರು, ಮತ್ತೆ ಅದ್ದಿದರು. ಮಣೆಯನ್ನು ಒರೆಸಿ ಇಟ್ಟರು.

“ನೀರು ಹದವಾಗಿದೆ, ಬನ್ನಿ,” ಎಂದು ನಾದಿನಿಯನ್ನು ಕೂಗಿ, ಅವಳು ಮಗುವನ್ನೆತ್ತಿಕೊಂಡು ಹೊರಬರುವ ಮುಂಚೆ, ಕರಿಬೇವಿನ ಗಿಡದ ಆಚೆಗೆ ಹೋಗಿ ನಿಂತುಕೊಂಡರು.